ಹಾರ್ಟ್ ಅಟ್ಯಾಕ್ ಆದವರಿಗೆ ನೈಟ್ರಿಕ್ ಆಕ್ಸೈಡ್ ಪುಡಿ ಕೊಡಬಹುದಾ? ಒಳ್ಳೇದು ಅಂತಲೂ ಹೇಳುತ್ತಾರೆ, ಜೀವಕೋಶ ಸಾಯಿಸುತ್ತದೆ ಅಂತಲೂ ಹೇಳುತ್ತಾರೆ

ಸುರತ್ಕಲ್ ಮಗಳು

ಎಲ್ಲರಿಗೂ ನಮಸ್ಕಾರ. ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಯಿತು. ಸ್ಟೆಂಟ್ ಹಾಕಿದ್ದಾರೆ. ಈಗ ಅಂಗಳದಲ್ಲಿ ನಿಧಾನಕ್ಕೆ ನಡೆದಾಡುತ್ತಾರೆ. ವಯಸ್ಸು ಅರವತ್ತು ದಾಟಿದೆ, ಬಿಪಿ ಮೊದಲಿನಿಂದಲೂ ಉಂಟು.

ದುಬೈಯಲ್ಲಿರುವ ದೊಡ್ಡಪ್ಪನ ಮಗ ರಜೆಯಲ್ಲಿ ಬಂದಾಗ ಅಪ್ಪನಿಗೆ ಅಂತ ಒಂದು ಡಬ್ಬಿ ಪುಡಿ ತಂದಿದ್ದಾನೆ. ಮೇಲೆ ‘ನೈಟ್ರಿಕ್ ಆಕ್ಸೈಡ್ ಬೂಸ್ಟರ್’ ಎಂದು ದೊಡ್ಡದಾಗಿ ಬರೆದಿದೆ. ಒಳಗಿರುವುದು ಎಲ್-ಆರ್ಜಿನೈನ್. ರಕ್ತನಾಳ ಅಗಲ ಮಾಡುತ್ತದೆ, ಹಾರ್ಟಿಗೆ ತುಂಬಾ ಒಳ್ಳೇದು, ಇದನ್ನು ಕಂಡುಹಿಡಿದವರಿಗೆ ನೊಬೆಲ್ ಸಿಕ್ಕಿದೆ ಅಂತ ಹೇಳುತ್ತಾನೆ. ಪ್ರೀತಿಯಿಂದ ತಂದದ್ದು, ಬೇಡ ಅನ್ನಲು ಮನಸ್ಸು ಬರುವುದಿಲ್ಲ.

ಆದರೆ ನಾನು ಓದಲು ಕೂತಾಗ ಬೇರೆಯೇ ಕಾಣಿಸಿತು. ನೈಟ್ರಿಕ್ ಆಕ್ಸೈಡ್ ಜೀವಕೋಶಗಳನ್ನು ಸಾಯಿಸುತ್ತದೆ, ಉರಿಯೂತ ಜಾಸ್ತಿ ಮಾಡುತ್ತದೆ, ಪಾರ್ಕಿನ್ಸನ್ಸ್, ಗಂಟುವಾತ ಎಲ್ಲದರಲ್ಲೂ ಅದರ ಪಾಲು ಉಂಟು ಎಂದು ಬರೆದಿದ್ದಾರೆ. ಎರಡೂ ನಿಜವಾ? ಡಾಕ್ಟರನ್ನು ಕಾಣುವುದು ಮುಂದಿನ ವಾರ. ಅಲ್ಲಿಯವರೆಗೆ ಸ್ವಲ್ಪ ಸ್ವಲ್ಪ ಕೊಡಬಹುದಾ?

ಕದ್ರಿ ಜಿಮ್

ಅಕ್ಕ, ಹೆದರಬೇಡಿ. ನಾವು ಜಿಮ್ಮಿಗೆ ಹೋಗುವ ಮುಂಚೆ ಇದನ್ನೇ ತೆಗೆದುಕೊಳ್ಳುವುದು. ಇಷ್ಟು ಸಮಯದಿಂದ ಎಂತದೂ ಆಗಲಿಲ್ಲ. ಆರ್ಜಿನೈನ್ ಅಂದರೆ ಪ್ರೋಟೀನಿನಲ್ಲಿ ಇರುವಂಥದ್ದೇ. ಮೀನಿನಲ್ಲಿ ಉಂಟು, ನೆಲಗಡಲೆಯಲ್ಲಿ ಉಂಟು. ನೈಸರ್ಗಿಕ ವಸ್ತು.

ಬಂದರಿನ ಮೆಡಿಕಲ್

ತಂಗೀ, ಡಾಕ್ಟರನ್ನು ಕೇಳುವವರೆಗೆ ಒಂದು ಚಮಚವೂ ಕೊಡಬೇಡಿ. ನಾನು ಮೆಡಿಕಲ್ ಶಾಪ್ ನಡೆಸುವವನು. ಅಪ್ಪನ ಔಷಧಿ ಚೀಟಿಯಲ್ಲಿ ಎದೆನೋವು ಬಂದರೆ ನಾಲಗೆ ಅಡಿ ಇಡುವ ಮಾತ್ರೆ ಇದೆಯಾ ನೋಡಿ. ಸಾರ್ಬಿಟ್ರೇಟ್ ಅಂತಲೋ, ಐಸೊಸಾರ್ಬೈಡ್ ಅಂತಲೋ ಇರುತ್ತದೆ. ಅದು ಕೆಲಸ ಮಾಡುವುದೇ ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಆಗಿ. ಅದರ ಮೇಲೆ ಬಿಪಿ ಮಾತ್ರೆ. ಅದರ ಮೇಲೆ ಈ ಪುಡಿ. ಬಿಪಿ ಇಳಿದು ತಲೆ ತಿರುಗಿ ಬಿದ್ದರೆ?

ಇನ್ನೊಂದು ಮಾತು, ಇಲ್ಲಿ ಓದುವ ಎಲ್ಲ ಗಂಡಸರಿಗೆ. ನಾಲಗೆ ಅಡಿ ಮಾತ್ರೆ ಇಡುವವರು ಗಂಡಸ್ತನದ ತೊಂದರೆಗೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರ), ಟಡಾಲಾಫಿಲ್ ಜಾತಿಯ ಮಾತ್ರೆ ತೆಗೆದುಕೊಳ್ಳಲೇಬಾರದು. ಸಿಲ್ಡೆನಾಫಿಲ್ ತೆಗೆದುಕೊಂಡ 24 ಗಂಟೆಯೊಳಗೆ, ಟಡಾಲಾಫಿಲ್ ಆದರೆ 48 ಗಂಟೆಯೊಳಗೆ ನೈಟ್ರೇಟ್ ಮಾತ್ರೆ ಇಟ್ಟರೆ ಬಿಪಿ ಜೀವ ಹೋಗುವಷ್ಟು ಕುಸಿಯಬಹುದು. ನಾಚಿಕೆಯಿಂದ ಡಾಕ್ಟರ ಹತ್ತಿರ ಹೇಳದೆ ಇರುತ್ತಾರೆ. ದಯವಿಟ್ಟು ಹೇಳಿ.

ಬಯೋಕೆಮ್ ಮೇಡಂ, ಮಣಿಪಾಲ

ತಂಗೀ, ನೀವು ಓದಿದ್ದು ಎರಡೂ ನಿಜ. ನಾನು ಬಯೋಕೆಮಿಸ್ಟ್ರಿ ಕಲಿಸುವವಳು, ಚಿಕಿತ್ಸೆ ಮಾಡುವ ಡಾಕ್ಟರ್ ಅಲ್ಲ. ಔಷಧಿಯ ತೀರ್ಮಾನ ನಿಮ್ಮ ಹೃದ್ರೋಗ ತಜ್ಞರದ್ದೇ. ಆದರೆ ನಿಮ್ಮ ಪ್ರಶ್ನೆಯನ್ನೇ ಹಿಡಿದು ನಡೆಸಿದ ಒಂದು ಪ್ರಯೋಗ ಉಂಟು. ಮೊದಲು ಅದನ್ನು ಹೇಳುತ್ತೇನೆ.

ಅಮೆರಿಕದಲ್ಲಿ ಮೊದಲ ಸಲ ಹೃದಯಾಘಾತ ಆದ 153 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಲ್-ಆರ್ಜಿನೈನ್ ಕೊಟ್ಟರು. ದಿನಕ್ಕೆ ಮೂರು ಸಲ 3 ಗ್ರಾಂ, ಆರು ತಿಂಗಳು. ಇನ್ನೊಂದು ಗುಂಪಿಗೆ ಕೊಟ್ಟದ್ದು ನೋಡಲು ಅದೇ ಥರ ಇರುವ, ಔಷಧಿ ಇಲ್ಲದ ಮಾತ್ರೆ. ರಕ್ತನಾಳದ ಬಿಗಿ ಸಡಿಲ ಆಗಬಹುದು, ಹೃದಯ ಪಂಪ್ ಮಾಡುವ ಶಕ್ತಿ ಹೆಚ್ಚಬಹುದು ಎಂದು ಆಸೆ ಇತ್ತು. ಎರಡೂ ಆಗಲಿಲ್ಲ. ಆರ್ಜಿನೈನ್ ತೆಗೆದುಕೊಂಡವರಲ್ಲಿ 6 ಜನ ತೀರಿಕೊಂಡರು. ಇನ್ನೊಂದು ಗುಂಪಿನಲ್ಲಿ ಒಬ್ಬರೂ ಇಲ್ಲ. ಹೊಸಬರನ್ನು ಸೇರಿಸುವುದನ್ನು ಅಲ್ಲಿಗೇ ನಿಲ್ಲಿಸಿದರು. 2006ರಲ್ಲಿ ಇದು ಪ್ರಕಟವಾಯಿತು. ಪ್ರಯೋಗ ಸಣ್ಣದು, ನಿಜ. ಆದರೂ ಹೃದಯಾಘಾತ ಆದವರಿಗೆ ಆರ್ಜಿನೈನ್ ಕೊಡಬಾರದು ಎಂದೇ ಅದನ್ನು ನಡೆಸಿದವರು ಬರೆದರು. ಲಾಭ ಇಲ್ಲ, ಅಪಾಯದ ಸೂಚನೆ ಇದೆ. ನನ್ನ ಅಪ್ಪ ಆಗಿದ್ದರೆ ನಾನು ಕೊಡುತ್ತಿರಲಿಲ್ಲ.

ಕದ್ರಿಯ ತಮ್ಮಾ, ನಿಮಗೆ ಏನೂ ಆಗದೇ ಇದ್ದದ್ದು ಒಳ್ಳೆಯದೇ. ಆದರೆ ಆರೋಗ್ಯವಾಗಿರುವ ಹುಡುಗನ ರಕ್ತನಾಳ ಬೇರೆ, ಬಿಪಿ ಇದ್ದು ಅಟ್ಯಾಕ್ ಆದ ಹಿರಿಯರ ರಕ್ತನಾಳ ಬೇರೆ. ಮೀನಿನಲ್ಲಿ ಊಟದ ಜೊತೆ ಬರುವ ಆರ್ಜಿನೈನಿಗೂ ಒಂದೇ ಸಲಕ್ಕೆ ನೀರಲ್ಲಿ ಕಲಸಿ ಕುಡಿಯುವ ಪುಡಿಗೂ ಹೋಲಿಕೆ ಬೇಡ.

ಸುರತ್ಕಲ್ ಮಗಳು

ಮೇಡಂ, ತುಂಬಾ ಉಪಕಾರ. ಡಬ್ಬಿ ತೆರೆಯುವುದಿಲ್ಲ. ಅಪ್ಪನ ಚೀಟಿಯಲ್ಲಿ ಸಾರ್ಬಿಟ್ರೇಟ್ ಉಂಟು. ಆದರೆ ಒಂದು ಅರ್ಥ ಆಗಲಿಲ್ಲ. ಆ ಮಾತ್ರೆ ನೈಟ್ರಿಕ್ ಆಕ್ಸೈಡ್ ಕೊಟ್ಟು ಒಳ್ಳೆಯದು ಮಾಡುತ್ತದೆ. ಪುಡಿಯೂ ಅದನ್ನೇ ಕೊಡುವುದಾದರೆ ಕೆಟ್ಟದ್ದು ಹೇಗೆ?

ಬಯೋಕೆಮ್ ಮೇಡಂ, ಮಣಿಪಾಲ

ಒಳ್ಳೆಯ ಪ್ರಶ್ನೆ. ಉತ್ತರ ಉದ್ದ ಆಗುತ್ತದೆ, ಪುರುಸೊತ್ತಲ್ಲಿ ಓದಿ.

ನೈಟ್ರಿಕ್ ಆಕ್ಸೈಡ್ ಒಂದು ಪುಟ್ಟ ಅನಿಲ. ಒಂದು ನೈಟ್ರೋಜನ್, ಒಂದು ಆಕ್ಸಿಜನ್, ಅಷ್ಟೇ. ಅದರಲ್ಲಿ ಜೋಡಿ ಇಲ್ಲದ ಒಂದು ಎಲೆಕ್ಟ್ರಾನ್ ಇದೆ. ಹಾಗಾಗಿ ಬೇರೆ ಅಣುಗಳ ಜೊತೆ ಬೇಗ ಸೇರಿಕೊಳ್ಳುತ್ತದೆ. ಮೈಯೊಳಗೆ ಅದರ ಆಯುಷ್ಯ ಕೆಲವೇ ಸೆಕೆಂಡು. ಜೀವಕೋಶದ ಪೊರೆ ಅದಕ್ಕೆ ಅಡ್ಡಿಯೇ ಅಲ್ಲ, ಹುಟ್ಟಿದ ಕೋಶದಿಂದ ಪಕ್ಕದ ಕೋಶಕ್ಕೆ ಸುಮ್ನೆ ದಾಟಿ ಹೋಗುತ್ತದೆ. ದಾಸ್ತಾನು ಮಾಡಿ ಇಡಲು ಆಗುವುದಿಲ್ಲ. ಬೇಕಾದಾಗ, ಬೇಕಾದ ಜಾಗದಲ್ಲೇ ತಯಾರಾಗಬೇಕು.

ಎದೆನೋವಿಗೆ ಸಾರ್ಬಿಟ್ರೇಟ್ ಜಾತಿಯದ್ದೇ ಆದ ನೈಟ್ರೋಗ್ಲಿಸರಿನ್ ಕೊಡುವುದು 19ನೇ ಶತಮಾನದಿಂದಲೇ ಇತ್ತು. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್‌ಗೆ ಅವರ ಕೊನೆಗಾಲದಲ್ಲಿ ಡಾಕ್ಟರು ಬರೆದುಕೊಟ್ಟದ್ದೂ ಅದನ್ನೇ. ಹೇಗೆ ಕೆಲಸ ಮಾಡುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. 1977ರಲ್ಲಿ ಫೆರಿಡ್ ಮುರಾದ್ ಅದರಿಂದ ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆ ಎಂದು ತೋರಿಸಿದರು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ದೊಡ್ಡ ರಕ್ತನಾಳದ ತುಂಡುಗಳ ಮೇಲೆ ಕೆಲಸ ಮಾಡುತ್ತಿದ್ದರು. ಒಳಪದರ ಸರಿಯಾಗಿದ್ದ ತುಂಡುಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ಸಡಿಲ ಆಗುತ್ತಿದ್ದವು. ಒಳಪದರ ಉಜ್ಜಿ ಹೋದ ತುಂಡುಗಳು ಆಗುತ್ತಿರಲಿಲ್ಲ. ಅಂದರೆ ಆ ತೆಳು ಪದರದಿಂದ ಏನೋ ಒಂದು ಹೊರಟು ಸ್ನಾಯುವಿಗೆ ಹೋಗುತ್ತಿದೆ. ಆ ‘ಏನೋ ಒಂದು’ ನೈಟ್ರಿಕ್ ಆಕ್ಸೈಡ್ ಎಂದು ಖಚಿತ ಆದದ್ದು 1987ರ ಹೊತ್ತಿಗೆ. 1998ರಲ್ಲಿ ಇವರಿಬ್ಬರ ಜೊತೆ ಲೂಯಿ ಇಗ್ನಾರೊ ಅವರಿಗೂ ನೊಬೆಲ್ ಬಂತು. ನಿಮ್ಮ ಅಣ್ಣ ಹೇಳಿದ ನೊಬೆಲ್ ಇದೇ. ಅದು ಸಿಕ್ಕಿದ್ದು ಈ ಅಣುವಿನ ಕೆಲಸ ಕಂಡುಹಿಡಿದದ್ದಕ್ಕೆ. ಡಬ್ಬಿಯ ಪುಡಿಗೆ ಅದರಲ್ಲಿ ಪಾಲಿಲ್ಲ.

ಈಗ ನಿಮ್ಮ ಪ್ರಶ್ನೆ. ಸಾರ್ಬಿಟ್ರೇಟ್ ರಕ್ತನಾಳದ ಒಳಪದರದ ಎಂಜೈಮಿಗೆ ಕಾಯದೆ ನೈಟ್ರಿಕ್ ಆಕ್ಸೈಡನ್ನು ಕೊಡುತ್ತದೆ. ಲೆಕ್ಕ ಹಾಕಿದ ಡೋಸ್, ಸ್ವಲ್ಪ ಹೊತ್ತು. ಆರ್ಜಿನೈನ್ ಹಾಗಲ್ಲ. ಅದು ಕಚ್ಚಾ ವಸ್ತು. ರಕ್ತನಾಳದ ಒಳಪದರದಲ್ಲಿರುವ ಎಂಜೈಮ್ ಅದನ್ನು ನೈಟ್ರಿಕ್ ಆಕ್ಸೈಡ್ ಮಾಡಬೇಕು. ಸಾಮಾನ್ಯವಾಗಿ ಆ ಎಂಜೈಮಿಗೆ ಬೇಕಾದ್ದಕ್ಕಿಂತ ಜಾಸ್ತಿ ಆರ್ಜಿನೈನ್ ಮೈಯಲ್ಲಿ ಮೊದಲೇ ಇರುತ್ತದೆ. ಸಮಸ್ಯೆ ಕಚ್ಚಾ ವಸ್ತುವಿನದ್ದಲ್ಲ, ಎಂಜೈಮಿನದ್ದು. ವಯಸ್ಸು, ಸಿಗರೇಟು, ಶುಗರ್, ಬಿಪಿ, ಕೊಲೆಸ್ಟರಾಲ್ ಸೇರಿ ಒಳಪದರ ಕೆಟ್ಟಾಗ ಅದಕ್ಕೆ ಜೊತೆಯಾಗಿ ಬೇಕಾದ ಟೆಟ್ರಾಹೈಡ್ರೊಬಯಾಪ್ಟೆರಿನ್ ಎಂಬ ವಸ್ತು ಕಡಿಮೆ ಆಗುತ್ತದೆ. ಆಗ ಅದೇ ಎಂಜೈಮ್ ನೈಟ್ರಿಕ್ ಆಕ್ಸೈಡ್ ಬದಲು ಆಮ್ಲಜನಕದ್ದೇ ಹಾನಿಕಾರಿ ರೂಪವಾದ ಸೂಪರ್‌ಆಕ್ಸೈಡ್ ತಯಾರಿಸಲು ಶುರು ಮಾಡುತ್ತದೆ. ಸೂಪರ್‌ಆಕ್ಸೈಡ್ ಮತ್ತು ನೈಟ್ರಿಕ್ ಆಕ್ಸೈಡ್ ಎದುರಾದರೆ ಕಣ್ಣು ಮಿಟುಕಿಸುವ ಮೊದಲೇ ಸೇರಿ ಪೆರಾಕ್ಸಿನೈಟ್ರೈಟ್ ಎಂಬ ಉಗ್ರ ವಸ್ತು ಆಗುತ್ತದೆ. ನೀವು ಓದಿದ ‘ಜೀವಕೋಶ ಸಾಯಿಸುವ’ ಕತೆಯಲ್ಲಿ ದೊಡ್ಡ ಪಾಲು ಈ ಪೆರಾಕ್ಸಿನೈಟ್ರೈಟಿನದ್ದು.

ಎಂಎಸ್ಸಿ ಹುಡುಗ, ಕೊಣಾಜೆ

ಮೇಡಂ, ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಸೆಮಿನಾರಿಗೆ ಇದೇ ವಿಷಯ. ಕೆಲವು ಪೇಪರುಗಳು ನೈಟ್ರಿಕ್ ಆಕ್ಸೈಡ್ ಅಪೊಪ್ಟೋಸಿಸ್ ತಡೆಯುತ್ತದೆ ಅನ್ನುತ್ತವೆ. ಕೆಲವು ಅಪೊಪ್ಟೋಸಿಸ್ ಮಾಡಿಸುತ್ತದೆ ಅನ್ನುತ್ತವೆ. ಇನ್ನು ಕೆಲವು ನೆಕ್ರೋಸಿಸ್ ಅನ್ನುತ್ತವೆ. ಯಾವುದನ್ನು ನಂಬಬೇಕು?

ಬಯೋಕೆಮ್ ಮೇಡಂ, ಮಣಿಪಾಲ

ಮೂರನ್ನೂ ನಂಬಿ. ಪ್ರತಿ ಪೇಪರಿನಲ್ಲಿ ಯಾವ ಕೋಶ, ಎಷ್ಟು ಪ್ರಮಾಣ, ಎಷ್ಟು ಹೊತ್ತು, ಪಕ್ಕದಲ್ಲಿ ಸೂಪರ್‌ಆಕ್ಸೈಡ್ ಇತ್ತಾ ಎಂದು ನೋಡಿ. ಗೊಂದಲ ಅರ್ಧ ಕಡಿಮೆ ಆಗುತ್ತದೆ.

ಇಲ್ಲಿ ಬೇರೆಯವರೂ ಓದುತ್ತಿರುವುದರಿಂದ ಬಿಡಿಸಿ ಹೇಳುತ್ತೇನೆ. ಜೀವಕೋಶ ಮುಖ್ಯವಾಗಿ ಎರಡು ರೀತಿಯಲ್ಲಿ ಸಾಯಬಹುದು. ನಮ್ಮ ಊರಿನ ಹಳೇ ಹಂಚಿನ ಮನೆ ತೆಗೆಯುವುದನ್ನು ನೋಡಿದ್ದೀರಲ್ಲ. ಹಂಚು ಇಳಿಸಿ, ರೀಪು ಪಕ್ಕಾಸು ಬಿಚ್ಚಿ, ಒಂದೊಂದನ್ನೇ ಬದಿಗಿಟ್ಟು ತೆಗೆದರೆ ಪಕ್ಕದ ಮನೆಗೆ ಏನೂ ಆಗುವುದಿಲ್ಲ. ಅಪೊಪ್ಟೋಸಿಸ್ ಹಾಗೆ. ಕ್ಯಾಸ್ಪೇಸ್ ಎಂಬ ಎಂಜೈಮುಗಳು ಕೋಶವನ್ನು ಒಳಗಿಂದಲೇ ಬಿಚ್ಚುತ್ತವೆ, ನೆರೆಯ ಕೋಶಗಳು ಆ ತುಂಡುಗಳನ್ನು ನುಂಗಿ ಮುಗಿಸುತ್ತವೆ. ಅದೇ ಮನೆ ಜೋರು ಮಳೆಗೆ ಒಮ್ಮೆಲೇ ಕುಸಿದರೆ ಪಕ್ಕದ ಗೋಡೆಯೂ ಹೋಗುತ್ತದೆ. ಅದು ನೆಕ್ರೋಸಿಸ್. ಕೋಶ ಒಡೆದು ಒಳಗಿನದ್ದೆಲ್ಲ ಹೊರಗೆ ಚೆಲ್ಲುತ್ತದೆ, ಅದನ್ನು ಕಂಡು ಬಿಳಿರಕ್ತಕಣಗಳು ಮುತ್ತುತ್ತವೆ, ಉರಿಯೂತ ಏಳುತ್ತದೆ.

ನೈಟ್ರಿಕ್ ಆಕ್ಸೈಡ್ ಸ್ವಲ್ಪವೇ ಇದ್ದಾಗ ಕ್ಯಾಸ್ಪೇಸಿನ ಕೆಲಸ ಮಾಡುವ ಜಾಗದಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಮೇಲೆ ಹೋಗಿ ಕೂರುತ್ತದೆ. ಎಸ್-ನೈಟ್ರೊಸೈಲೇಷನ್ ಅನ್ನುವುದು ಇದಕ್ಕೇ. ಅಲ್ಲಿ ಅದು ಕೂತಿರುವಷ್ಟು ಹೊತ್ತು ಕ್ಯಾಸ್ಪೇಸ್ ಸುಮ್ಮನಿರುತ್ತದೆ, ಕೋಶ ಬದುಕುತ್ತದೆ. ಲಿವರ್ ಕೋಶಗಳಲ್ಲಿ, ರಕ್ತನಾಳದ ಒಳಪದರದಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಪ್ರಮಾಣ ಏರಿದಾಗ ಕತೆ ಬದಲಾಗುತ್ತದೆ. ಡಿಎನ್ಎ ಏಟು ತಿನ್ನುತ್ತದೆ, ಅದನ್ನು ಕಾಯುವ ಪಿ53 ಎಂಬ ಪ್ರೋಟೀನ್ ಎಚ್ಚರ ಆಗುತ್ತದೆ, ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದಿಂದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಹೊರಬರುತ್ತದೆ. ಇದು ಅಪೊಪ್ಟೋಸಿಸ್ ದಾರಿ. ಇನ್ನೂ ಏರಿ ಪೆರಾಕ್ಸಿನೈಟ್ರೈಟ್ ಜಾಸ್ತಿಯಾದರೆ ಡಿಎನ್ಎ ಎಳೆಗಳು ತುಂಬಾ ಕಡೆ ತುಂಡಾಗುತ್ತವೆ. ರಿಪೇರಿಗೆ ಪಾರ್ಪ್ ಎಂಬ ಎಂಜೈಮ್ ಓಡಿ ಬರುತ್ತದೆ. ಅದು ಕೆಲಸ ಮಾಡಲು, ಕೋಶದ ಶಕ್ತಿ ತಯಾರಿಗೆ ಬೇಕಾದ ಎನ್ಎಡಿ ಎಂಬ ವಸ್ತುವನ್ನು ಖರ್ಚು ಮಾಡುತ್ತದೆ. ರಿಪೇರಿ ಮಿತಿ ಮೀರಿದರೆ ಎನ್ಎಡಿ ಖಾಲಿ, ಅದರ ಹಿಂದೆಯೇ ಕೋಶದ ಇಂಧನವಾದ ಎಟಿಪಿ ಖಾಲಿ. ಅಪೊಪ್ಟೋಸಿಸ್ ನಡೆಯಲು ಎಟಿಪಿ ಬೇಕು. ಅದಿಲ್ಲದ ಕೋಶಕ್ಕೆ ಉಳಿದಿರುವುದು ನೆಕ್ರೋಸಿಸ್ ಮಾತ್ರ.

ಸಾಲದ್ದಕ್ಕೆ ನೈಟ್ರಿಕ್ ಆಕ್ಸೈಡ್ ಮೈಟೊಕಾಂಡ್ರಿಯದಲ್ಲಿ ಆಮ್ಲಜನಕ ಕೂರುವ ಜಾಗಕ್ಕೇ ಪೈಪೋಟಿ ಮಾಡುತ್ತದೆ. ಸೈಟೊಕ್ರೋಮ್ ಆಕ್ಸಿಡೇಸ್ ಎಂಬ ಕೊನೆಯ ಎಂಜೈಮಿನಲ್ಲಿ. ಸ್ವಲ್ಪ ಇದ್ದರೆ ಈ ತಡೆ ತಾತ್ಕಾಲಿಕ, ಕೋಶ ಆಮ್ಲಜನಕ ಬಳಸುವ ವೇಗ ಹಿಡಿತದಲ್ಲಿಡಲು ಉಪಯೋಗವೂ ಹೌದು. ಆಮ್ಲಜನಕ ಕಡಿಮೆ ಇರುವ ಅಂಗಾಂಶದಲ್ಲಿ ಜಾಸ್ತಿ ಹೊತ್ತು ನಡೆದರೆ ಕೋಶ ಹಸಿವಿನಿಂದ ಸಾಯುತ್ತದೆ.

ನಿಮ್ಮ ಸೆಮಿನಾರಿಗೆ ಇಲಿಗಳ ಎರಡು ಪ್ರಯೋಗ ಹೇಳಿ, ಎಲ್ಲರಿಗೂ ತಟ್ಟನೆ ಅರ್ಥ ಆಗುತ್ತದೆ. ಮೆದುಳಿನ ನರಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ಮಾಡುವ ಎಂಜೈಮ್ ಇಲ್ಲದ ಇಲಿಗಳಿಗೆ ಸ್ಟ್ರೋಕ್ ಮಾಡಿಸಿದಾಗ ಮೆದುಳಿನ ಹಾನಿ ಕಡಿಮೆ ಆಯಿತು. ಇದು 1994ರಲ್ಲಿ. ರಕ್ತನಾಳದ ಎಂಜೈಮ್ ಇಲ್ಲದ ಇಲಿಗಳಿಗೆ ಅದನ್ನೇ ಮಾಡಿದಾಗ ಹಾನಿ ಜಾಸ್ತಿ ಆಯಿತು. ಇದು 1996ರಲ್ಲಿ. ಒಂದೇ ಅಣು, ಒಂದೇ ಮೆದುಳು. ತಯಾರಾಗುವ ಜಾಗ ಮಾತ್ರ ಬೇರೆ.

ಐಸಿಯು ಸಿಸ್ಟರ್

ಮೇಡಂ ಬರೆದದ್ದು ಓದಿ ನಮ್ಮ ವಾರ್ಡ್ ನೆನಪಾಯಿತು. ಸೆಪ್ಸಿಸ್ ಆದವರ, ಅಂದರೆ ಸೋಂಕಿನಿಂದ ಇಡೀ ಮೈ ಕೆಟ್ಟವರ ಬಿಪಿ ಎಷ್ಟು ಡ್ರಿಪ್ ಕೊಟ್ಟರೂ ಏರುವುದಿಲ್ಲ. ನಾರ್‌ಅಡ್ರೆನಲಿನ್ (ಬಿಪಿ ಏರಿಸುವ ಔಷಧಿ) ಜಾಸ್ತಿ ಮಾಡುತ್ತಲೇ ಹೋಗಬೇಕಾಗುತ್ತದೆ. ಕೈಕಾಲು ಬಿಸಿ ಇರುತ್ತದೆ, ಆದರೆ ಬಿಪಿ ಇಲ್ಲ. ಡ್ಯೂಟಿ ಡಾಕ್ಟರು ಇದು ನೈಟ್ರಿಕ್ ಆಕ್ಸೈಡ್ ಜಾಸ್ತಿಯಾದದ್ದರಿಂದ ಅಂತ ಹೇಳಿಕೊಟ್ಟಿದ್ದರು. ಹಾಗಾದರೆ ಅದನ್ನು ತಡೆಯುವ ಇಂಜೆಕ್ಷನ್ ಯಾಕೆ ಬರಲಿಲ್ಲ? ಇಷ್ಟು ಜನ ಸಾಯುವುದನ್ನು ಕಣ್ಣಾರೆ ನೋಡುವಾಗ ಈ ಪ್ರಶ್ನೆ ಬರುತ್ತದೆ.

ಬಯೋಕೆಮ್ ಮೇಡಂ, ಮಣಿಪಾಲ

ಸಿಸ್ಟರ್, ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. ನಮ್ಮಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಎಂಜೈಮ್ ಮೂರು ಬಗೆ. ನರದ್ದು ಮತ್ತು ರಕ್ತನಾಳದ್ದು ಯಾವಾಗಲೂ ಸಿದ್ಧವಾಗಿ ಇರುತ್ತವೆ. ಕ್ಯಾಲ್ಸಿಯಂ ಏರಿದಾಗ ಸ್ವಲ್ಪ ತಯಾರಿಸಿ ನಿಲ್ಲಿಸುತ್ತವೆ. ಮೂರನೆಯದು ಇಂಡ್ಯೂಸಿಬಲ್, ಗುರುತಿಗೆ ಐನಾಸ್ ಅನ್ನುತ್ತೇವೆ. ಅದು ಮಾಮೂಲಿ ದಿನಗಳಲ್ಲಿ ಇರುವುದೇ ಕಡಿಮೆ. ಬ್ಯಾಕ್ಟೀರಿಯಾ ಬಂದಾಗ, ಉರಿಯೂತದ ಸಂದೇಶಗಳು ಹರಡಿದಾಗ ಕೋಶಗಳು ಅದನ್ನು ಹೊಸದಾಗಿ ತಯಾರಿಸುತ್ತವೆ. ಒಮ್ಮೆ ಬಂದರೆ ಕ್ಯಾಲ್ಸಿಯಮ್ಮಿನ ಹಿಡಿತ ಅದಕ್ಕಿಲ್ಲ. ಗಂಟೆಗಟ್ಟಲೆ, ದಿನಗಟ್ಟಲೆ ಸುರಿಸುತ್ತದೆ.

ಅದು ಬೇಡದ್ದು ಅಂದುಕೊಳ್ಳಬೇಡಿ. ರೋಗಾಣು ಕೊಲ್ಲಲು ಅದು ಬೇಕು. ಐನಾಸ್ ಇಲ್ಲದ ಇಲಿಗಳು ಕ್ಷಯದ ಸೋಂಕಿಗೆ ಬೇಗ ಬಲಿಯಾಗುತ್ತವೆ. ಕ್ಷಯ ಇರುವ ಮನುಷ್ಯರ ಶ್ವಾಸಕೋಶದಲ್ಲಿ ರೋಗಾಣು ನುಂಗುವ ಮ್ಯಾಕ್ರೊಫೇಜ್ ಕೋಶಗಳಲ್ಲೂ ಈ ಎಂಜೈಮ್ ಸಿಕ್ಕಿದೆ. ಸೆಪ್ಸಿಸ್‌ನಲ್ಲಿ ಇದು ಇಡೀ ಮೈಯ ರಕ್ತನಾಳಗಳಲ್ಲಿ ಒಟ್ಟಿಗೆ ನಡೆಯುವುದೇ ಅನಾಹುತ.

ತಡೆಯುವ ಔಷಧಿ ಮಾಡಿ ನೋಡಿದ್ದಾರೆ. ಮೂರೂ ಎಂಜೈಮುಗಳನ್ನು ಒಟ್ಟಿಗೆ ನಿಲ್ಲಿಸುವ ಒಂದು ಔಷಧಿಯನ್ನು ಸೆಪ್ಟಿಕ್ ಶಾಕ್ ಇದ್ದ 797 ಜನರಲ್ಲಿ ಪರೀಕ್ಷಿಸಿದರು. ಬಿಪಿ ಏರಿತು. ಆದರೆ 28 ದಿನಗಳಲ್ಲಿ ಔಷಧಿ ಸಿಕ್ಕವರಲ್ಲಿ ಶೇ. 59 ಜನ ಸತ್ತರು, ಸಿಗದವರಲ್ಲಿ ಶೇ. 49. ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು. ವರದಿ ಬಂದದ್ದು 2004ರಲ್ಲಿ. ಬಿಪಿ ಕೆಡಿಸುತ್ತಿದ್ದ ನೈಟ್ರಿಕ್ ಆಕ್ಸೈಡ್ ಜೊತೆಗೆ ಸಣ್ಣ ರಕ್ತನಾಳಗಳನ್ನು ತೆರೆದಿಟ್ಟು ಅಂಗಗಳನ್ನು ಕಾಯುತ್ತಿದ್ದ ನೈಟ್ರಿಕ್ ಆಕ್ಸೈಡ್ ಕೂಡ ನಿಂತುಹೋಯಿತು. ಹೃದಯ ಬಿಗಿಯಾದ ನಾಳಗಳ ವಿರುದ್ಧ ರಕ್ತ ತಳ್ಳಬೇಕಾಯಿತು. ನಾನು ಪ್ರತಿ ಬ್ಯಾಚಿಗೂ ಈ ಪ್ರಯೋಗ ಹೇಳಿಯೇ ಹೇಳುತ್ತೇನೆ. ಮಾನಿಟರಿನ ನಂಬರ್ ಸರಿಯಾದ ಮಾತ್ರಕ್ಕೆ ರೋಗಿ ಸರಿಯಾಗುವುದಿಲ್ಲ ಎಂದು ಮಕ್ಕಳಿಗೆ ಗೊತ್ತಾಗಬೇಕು.

ಐಸಿಯು ಸಿಸ್ಟರ್

ಅಯ್ಯೋ, ಶೇ. 59 ಅಂದರೆ ಎಷ್ಟು ಜನ. ಓದಿ ಬೇಸರ ಆಯಿತು.

ನಾನು ಮೊದಲು ನವಜಾತ ಶಿಶುಗಳ ಐಸಿಯುವಿನಲ್ಲಿ ಇದ್ದೆ. ಅಲ್ಲಿ ಇದೇ ಗ್ಯಾಸನ್ನು ಸಿಲಿಂಡರಿನಿಂದ ವೆಂಟಿಲೇಟರಿನ ಮೂಲಕ ಕೊಡುತ್ತಿದ್ದರು. ಶ್ವಾಸಕೋಶದ ರಕ್ತನಾಳ ತೆರೆಯದೆ ಮೈ ನೀಲಿ ಆದ ಮಗು ಅರ್ಧ ಗಂಟೆಯಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನೋಡಿದ್ದೇನೆ. ಆ ತಾಯಿಯ ಮುಖ ಈಗಲೂ ಕಣ್ಣ ಮುಂದೆ ಉಂಟು.

ಬಯೋಕೆಮ್ ಮೇಡಂ, ಮಣಿಪಾಲ

ಹೌದು ಸಿಸ್ಟರ್, ಇದೇ ಅನಿಲದ ಅತ್ಯಂತ ಚಂದದ ಉಪಯೋಗ ಅದು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ಸಾಮಾನ್ಯ ಡೋಸ್ 20 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 20 ಪಾಲು. ಗಾಳಿ ಹೋಗುವ ಭಾಗದ ರಕ್ತನಾಳ ಮಾತ್ರ ಅಗಲ ಆಗುತ್ತದೆ. ರಕ್ತಕ್ಕೆ ಇಳಿದ ಕೂಡಲೇ ಹಿಮೋಗ್ಲೋಬಿನ್ ಅದನ್ನು ಮುಗಿಸಿಬಿಡುತ್ತದೆ. ಹಾಗಾಗಿ ಮಗುವಿನ ಉಳಿದ ಮೈಯ ಬಿಪಿ ಇಳಿಯುವುದಿಲ್ಲ. ಜೊತೆಗೆ ಮೆಟ್‌ಹಿಮೋಗ್ಲೋಬಿನ್ (ಆಮ್ಲಜನಕ ಹೊರಲಾಗದ ಹಿಮೋಗ್ಲೋಬಿನ್) ಮತ್ತು ವಿಷಕಾರಿ ನೈಟ್ರೋಜನ್ ಡೈಆಕ್ಸೈಡ್ ಮೇಲೆ ಕಣ್ಣಿಡಬೇಕು. ಡೋಸ್, ಜಾಗ, ಹೊತ್ತು ಮೂರೂ ಕೈಯಲ್ಲಿದ್ದರೆ ಇದು ಎಂಥ ಔಷಧಿ ನೋಡಿ.

ಬಿಜೈ ಅಮ್ಮ

ನನ್ನ ಮಗನಿಗೆ ದಮ್ಮಿನ ತೊಂದರೆ. ಹತ್ತು ವರ್ಷ. ಡಾಕ್ಟರು ಫೆನೋ ಟೆಸ್ಟ್ ಅಂತ ಮಷೀನಿಗೆ ಊದಿಸಿದರು. ‘ನೈಟ್ರಿಕ್ ಆಕ್ಸೈಡ್ ಜಾಸ್ತಿ ಉಂಟು, ಇನ್ಹೇಲರ್ ತಪ್ಪಿಸಬೇಡಿ’ ಅಂದರು. ರಿಪೋರ್ಟಿನಲ್ಲಿ 35ಕ್ಕಿಂತ ಮೇಲೆ ಇತ್ತು. ಅಂದರೆ ಮಗನ ಶ್ವಾಸಕೋಶ ಹಾಳಾಗುತ್ತಿದೆಯಾ?

ಬಯೋಕೆಮ್ ಮೇಡಂ, ಮಣಿಪಾಲ

ಇಲ್ಲಮ್ಮ, ಗಾಬರಿ ಬೇಡ. ಅಲ್ಲಿ ನೈಟ್ರಿಕ್ ಆಕ್ಸೈಡ್ ಒಂದು ಗುರುತು. ಅಲರ್ಜಿಯ ಬಗೆಯ ಉರಿಯೂತ ಇದ್ದಾಗ ಉಸಿರುನಾಳದ ಒಳಪದರ ಅದನ್ನು ಜಾಸ್ತಿ ತಯಾರಿಸುತ್ತದೆ, ಉಸಿರಲ್ಲಿ ಹೊರಬರುತ್ತದೆ. ಮಕ್ಕಳಲ್ಲಿ 20 ಪಿಪಿಬಿಗಿಂತ (ನೂರು ಕೋಟಿ ಪಾಲಿನಲ್ಲಿ 20 ಪಾಲು) ಕೆಳಗೆ ಇದ್ದರೆ ಕಡಿಮೆ, 35ಕ್ಕಿಂತ ಮೇಲೆ ಜಾಸ್ತಿ ಎಂದು ಲೆಕ್ಕ. ದೊಡ್ಡವರಲ್ಲಿ 25 ಮತ್ತು 50. ಜಾಸ್ತಿ ಬಂದರೆ ಸ್ಟೀರಾಯ್ಡ್ ಇನ್ಹೇಲರ್ ಚೆನ್ನಾಗಿ ಕೆಲಸ ಮಾಡುವ ಸಂಭವ ಜಾಸ್ತಿ. ಅದೇ ಕಾರಣಕ್ಕೆ ಡಾಕ್ಟರು ತಪ್ಪಿಸಬೇಡಿ ಅಂದದ್ದು. ಸರಿಯಾಗಿ ತೆಗೆದುಕೊಂಡರೆ ಮುಂದಿನ ಸಲ ನಂಬರ್ ಇಳಿಯುತ್ತದೆ. ಸ್ಟೀರಾಯ್ಡ್ ಎಂಬ ಹೆಸರು ಕೇಳಿ ಅರ್ಧಕ್ಕೆ ನಿಲ್ಲಿಸುವವರು ನಮ್ಮಲ್ಲಿ ಬಹಳ. ನೀವು ನಿಲ್ಲಿಸಬೇಡಿ.

ಕಾಪು ಯೋಗ

ಮೇಡಂ, ಭ್ರಾಮರಿ ಪ್ರಾಣಾಯಾಮ ಮಾಡಿದರೆ ನೈಟ್ರಿಕ್ ಆಕ್ಸೈಡ್ 15 ಪಟ್ಟು ಏರುತ್ತದೆ ಎಂದು ನಮ್ಮ ಶಿಬಿರದಲ್ಲಿ ಹೇಳಿದ್ದರು. ಇದು ನಿಜವಾ? ನಿಜ ಆದರೆ ಅಕ್ಕನ ಅಪ್ಪನಿಗೆ ಅದನ್ನೇ ಮಾಡಿಸಬಹುದಲ್ಲ.

ಬಯೋಕೆಮ್ ಮೇಡಂ, ಮಣಿಪಾಲ

ನಂಬರ್ ನಿಜ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದ್ದು. ಮೂಗಿನ ಸುತ್ತಲಿನ ಸೈನಸ್‌ಗಳಲ್ಲಿ ಈ ಅನಿಲ ತುಂಬಿರುತ್ತದೆ. ಗುಂಯ್‌ಗುಟ್ಟಿದಾಗ ಅಲ್ಲಿಯ ಗಾಳಿ ಅಲುಗಾಡಿ ಹೊರಬರುತ್ತದೆ. ಸುಮ್ನೆ ಉಸಿರು ಬಿಡುವುದಕ್ಕಿಂತ 15 ಪಟ್ಟು ಜಾಸ್ತಿ. ಆದರೆ ಅಳೆದದ್ದು ಮೂಗಿನ ಗಾಳಿಯನ್ನು. ಹೃದಯದ ರಕ್ತನಾಳದಲ್ಲಿ 15 ಪಟ್ಟು ಆಯಿತು ಎಂದು ಅದರಿಂದ ಹೇಳಲು ಬರುವುದಿಲ್ಲ. ಭ್ರಾಮರಿ ಮಾಡುವುದರಿಂದ ಮನಸ್ಸಿಗೆ ಹಿತ ಅನಿಸಿದರೆ ಖಂಡಿತ ಮಾಡಲಿ, ಡಾಕ್ಟರಿಗೆ ಒಂದು ಮಾತು ಹೇಳಿ.

ಬೆಳ್ಮಣ್ ತೋಟ

ನಮ್ಮ ಮನೆ ಹಿತ್ತಿಲಲ್ಲಿ ಹರಿವೆ, ಬಸಳೆ ಧಾರಾಳ ಉಂಟು. ಹರಿವೆ ಸೊಪ್ಪಿನಲ್ಲಿ ನೈಟ್ರೇಟ್ ಜಾಸ್ತಿ, ಅದು ಹೊಟ್ಟೆಯಲ್ಲಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ ಅಂತ ಓದಿದೆ. ಹೌದಾ ಮೇಡಂ? ಪುಡಿಗಿಂತ ಇದು ವಾಸಿ ಅಲ್ವಾ?

ಬಯೋಕೆಮ್ ಮೇಡಂ, ಮಣಿಪಾಲ

ತುಂಬಾ ವಾಸಿ. ಹರಿವೆ, ಪಾಲಕ್, ಬೀಟ್‌ರೂಟ್, ಮೂಲಂಗಿ ಇವುಗಳಲ್ಲಿ ನೈಟ್ರೇಟ್ ಚೆನ್ನಾಗಿದೆ. ಅದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮತ್ತೆ ಜೊಲ್ಲಿಗೆ ಬರುತ್ತದೆ. ನಾಲಗೆಯ ಹಿಂಭಾಗದಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಅದನ್ನು ನುಂಗಿದಾಗ ಹೊಟ್ಟೆಯ ಆಮ್ಲದಲ್ಲಿ, ರಕ್ತದಲ್ಲಿ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಈ ದಾರಿಗೆ ಆ ಕೆಟ್ಟುಹೋದ ಎಂಜೈಮಿನ ಹಂಗಿಲ್ಲ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶಿನಿಂದ ದಿನಾ ಬಾಯಿ ಮುಕ್ಕಳಿಸಿದರೆ ಆ ಬ್ಯಾಕ್ಟೀರಿಯಾ ಸತ್ತು ಈ ದಾರಿ ಮುಚ್ಚುತ್ತದೆ, ಬಿಪಿ ಸ್ವಲ್ಪ ಏರುವುದೂ ಉಂಟು. ಹಲ್ಲಿನ ಡಾಕ್ಟರು ಹೇಳಿದಷ್ಟು ದಿನ ಮಾತ್ರ ಬಳಸಿ.

ಲಂಡನ್ನಿನಲ್ಲಿ ಬಿಪಿ ಇದ್ದವರಿಗೆ ದಿನಕ್ಕೆ 250 ಮಿ.ಲೀ. ಬೀಟ್‌ರೂಟ್ ರಸವನ್ನು ನಾಲ್ಕು ವಾರ ಕೊಟ್ಟಾಗ ಮೇಲಿನ ಬಿಪಿ ಸುಮಾರು 8 ಅಂಶ ಇಳಿಯಿತು. 2015ರ ವರದಿ. ಆದರೆ ಮಾತ್ರೆ ಬಿಟ್ಟು ರಸ ಕುಡಿಯಿರಿ ಎಂದು ಅರ್ಥ ಅಲ್ಲ. ಕಿಡ್ನಿ ಕಲ್ಲು ಇದ್ದವರು ಹರಿವೆ, ಬೀಟ್‌ರೂಟ್ ಜಾಸ್ತಿ ತಿನ್ನುವ ಮೊದಲು ಕೇಳಿಕೊಳ್ಳಿ, ಆಕ್ಸಲೇಟ್ ಜಾಸ್ತಿ. ಕಿಡ್ನಿ ವೀಕ್ ಇರುವವರಿಗೆ ಪೊಟ್ಯಾಶಿಯಂ ತೊಂದರೆ. ಉಳಿದವರು ವಾರಕ್ಕೆ ನಾಲ್ಕು ದಿನ ಹರಿವೆ ಪದಾರ್ಥ ಮಾಡಿ, ಕುಚ್ಚಲಕ್ಕಿ ಅನ್ನದ ಜೊತೆ ಚೆನ್ನಾಗಿ ಊಟ ಮಾಡಿ.

ಬಂದರಿನ ಮೆಡಿಕಲ್

ಮೇಡಂ, ಮಲೇರಿಯಾಕ್ಕೂ ಇದಕ್ಕೂ ಸಂಬಂಧ ಉಂಟಾ? ನಮ್ಮ ಕಡೆ ಕಟ್ಟಡ ಕೆಲಸ ನಡೆಯುವಲ್ಲಿ ನೀರು ನಿಂತು ಸೊಳ್ಳೆ. ಜ್ವರದ ಮಾತ್ರೆ ಕೇಳಿಕೊಂಡು ಬರುವವರನ್ನು ನಾನು ಮೊದಲು ರಕ್ತಪರೀಕ್ಷೆಗೆ ಕಳಿಸುತ್ತೇನೆ.

ಬಯೋಕೆಮ್ ಮೇಡಂ, ಮಣಿಪಾಲ

ತುಂಬಾ ಒಳ್ಳೆಯ ಕೆಲಸ ಮಾಡುತ್ತಿದ್ದೀರಿ. ಸಂಬಂಧ ಉಂಟು, ಅದೂ ಎಲ್ಲರೂ ಅಂದುಕೊಂಡದ್ದಕ್ಕೆ ತಿರುಗುಮುರುಗು. ಮೆದುಳಿಗೆ ಏರುವ ಮಲೇರಿಯಾದಲ್ಲಿ ನೈಟ್ರಿಕ್ ಆಕ್ಸೈಡ್ ಜಾಸ್ತಿಯಾಗಿ ಪ್ರಜ್ಞೆ ತಪ್ಪುತ್ತದೆ ಎಂಬ ಊಹೆ ಇತ್ತು. 1996ರಲ್ಲಿ ಟಾಂಜಾನಿಯಾದ ಮಕ್ಕಳಲ್ಲಿ ಅಳೆದು ನೋಡಿದಾಗ ಕಾಯಿಲೆ ಜೋರಾದಷ್ಟೂ ಅದು ಕಡಿಮೆ ಇತ್ತು. ಕೆಂಪು ರಕ್ತಕಣ ಒಡೆದಾಗ ಹಿಮೋಗ್ಲೋಬಿನ್ ಹೊರಗೆ ಚೆಲ್ಲುತ್ತದೆ. ಕಣದ ಒಳಗಿದ್ದಾಗ ಅದು ನೈಟ್ರಿಕ್ ಆಕ್ಸೈಡನ್ನು ನಿಧಾನಕ್ಕೆ ಹಿಡಿಯುತ್ತದೆ. ಹೊರಗೆ ಬಂದರೆ ತಕ್ಷಣ ಹಿಡಿದು ನೈಟ್ರೇಟ್ ಮಾಡಿಬಿಡುತ್ತದೆ. ಜೊತೆಗೆ ಆರ್ಜಿನೇಸ್ ಎಂಬ ಎಂಜೈಮ್ ಚೆಲ್ಲಿ ಆರ್ಜಿನೈನನ್ನೂ ತಿಂದುಹಾಕುತ್ತದೆ. ನಾಳಗಳು ಬಿಗಿಯುತ್ತವೆ, ಸೋಂಕು ತಗಲಿದ ಕಣಗಳು ಗೋಡೆಗೆ ಅಂಟುತ್ತವೆ.

ಹಾಗಾದರೆ ಗ್ಯಾಸ್ ಕೊಟ್ಟರೆ ಗುಣ ಆಗಬೇಕಲ್ಲ? ಉಗಾಂಡಾದಲ್ಲಿ ಮಕ್ಕಳಿಗೆ ಉಸಿರಿನಲ್ಲಿ ಕೊಟ್ಟು ನೋಡಿದರು. 2015ರಲ್ಲಿ ಬಂದ ಫಲಿತಾಂಶದಲ್ಲಿ ಲಾಭ ಕಾಣಲಿಲ್ಲ. ಗಂಟುನೋವಿನಲ್ಲೂ ಹೀಗೇ ಆಯಿತು. ಸವೆದ ಮಂಡಿಯ ಮೃದ್ವಸ್ಥಿಯಲ್ಲಿ ಐನಾಸ್ ಜಾಸ್ತಿ, ಅಲ್ಲಿಯ ಕೋಶಗಳು ಸಾಯುವುದರಲ್ಲಿ ಅದರ ಪಾತ್ರ ಇದೆ. ಆದರೆ ಅದನ್ನು ತಡೆಯುವ ಮಾತ್ರೆ ಎರಡು ವರ್ಷ ಕೊಟ್ಟರೂ ಸವೆತ ನಿಲ್ಲಲಿಲ್ಲ. ರೋಗದ ಜಾಗದಲ್ಲಿ ಒಂದು ಅಣು ಸಿಕ್ಕಿತು ಎಂದ ಮಾತ್ರಕ್ಕೆ ಅದನ್ನು ಏರಿಸಿ ಅಥವಾ ಇಳಿಸಿ ರೋಗ ಗೆಲ್ಲಲು ಆಗುವುದಿಲ್ಲ. ಮಲೇರಿಯಾಕ್ಕೆ ಬೇಗ ರಕ್ತಪರೀಕ್ಷೆ, ಬೇಗ ಮಾತ್ರೆ, ಪೂರ್ತಿ ಕೋರ್ಸ್. ಸದ್ಯಕ್ಕೆ ಜೀವ ಉಳಿಸುವುದು ಅದೇ.

ಕದ್ರಿ ಜಿಮ್

ಮೇಡಂ, ಹೃದಯಾಘಾತದ ಪ್ರಯೋಗದ ವಿಷಯ ನನಗೆ ಗೊತ್ತೇ ಇರಲಿಲ್ಲ. ನಮ್ಮ ಜಿಮ್ಮಿನಲ್ಲಿ ಐವತ್ತು ದಾಟಿದ ಅಂಕಲ್‌ಗಳೂ ಈ ಪುಡಿ ತೆಗೆದುಕೊಳ್ಳುತ್ತಾರೆ. ಒಬ್ಬರಿಗೆ ಸ್ಟೆಂಟ್ ಉಂಟು. ಇವತ್ತೇ ಅವರಿಗೆ ಹೇಳುತ್ತೇನೆ. ಆರ್ಜಿನೈನ್ ಬದಲು ಸಿಟ್ರುಲಿನ್ ಆಗಬಹುದಾ?

ಬಯೋಕೆಮ್ ಮೇಡಂ, ಮಣಿಪಾಲ

ಹೇಳಿ, ಖಂಡಿತ ಹೇಳಿ. ಸಿಟ್ರುಲಿನ್ ಕಿಡ್ನಿಯಲ್ಲಿ ಆರ್ಜಿನೈನ್ ಆಗುತ್ತದೆ. ಸ್ಟೆಂಟ್ ಇದ್ದವರು ಅದನ್ನೂ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಎಂಎಸ್ಸಿ ಹುಡುಗ, ಕೊಣಾಜೆ

ಮೇಡಂ, ಒಂದೇ ಒಂದು ಪ್ರಶ್ನೆ. ಪ್ರಾಜೆಕ್ಟಿಗೆ ನಾವು ಒಂದು ಗಿಡದ ಸಾರ ತೆಗೆದು ಉರಿಯೂತ ಇಳಿಸುತ್ತದಾ ನೋಡಬೇಕು. ಇಲಿಯ ಮ್ಯಾಕ್ರೊಫೇಜ್ ಕೋಶಗಳಿಗೆ ಬ್ಯಾಕ್ಟೀರಿಯಾದ ಎಲ್‌ಪಿಎಸ್ (ಅದರ ಹೊರಪೊರೆಯ ವಸ್ತು) ಹಾಕಿ, ಗ್ರೀಸ್ ಟೆಸ್ಟ್ ಎಂಬ ಬಣ್ಣದ ಪರೀಕ್ಷೆಯಲ್ಲಿ ನೈಟ್ರಿಕ್ ಆಕ್ಸೈಡ್ ಅಳೆಯುವುದು. ಮುಂದಿನ ವಾರ ಶುರು. ಏನು ನೋಡಿಕೊಳ್ಳಬೇಕು?

ಬಯೋಕೆಮ್ ಮೇಡಂ, ಮಣಿಪಾಲ

ತಮ್ಮಾ, ಗ್ರೀಸ್ ಟೆಸ್ಟ್ ನೈಟ್ರಿಕ್ ಆಕ್ಸೈಡನ್ನು ನೇರ ಅಳೆಯುವುದಿಲ್ಲ. ಅದು ಮುಗಿದ ಮೇಲೆ ಉಳಿಯುವ ನೈಟ್ರೈಟನ್ನು ಅಳೆಯುತ್ತದೆ. ಬಣ್ಣ ಓದುವುದು 540 ನ್ಯಾನೊಮೀಟರಿನಲ್ಲಿ. ಗಿಡದ ಸಾರಕ್ಕೇ ಬಣ್ಣ ಇದ್ದರೆ ಓದು ಕೆಡುತ್ತದೆ, ಹಾಗಾಗಿ ಸಾರ ಮಾತ್ರ ಹಾಕಿದ ಒಂದು ಬ್ಲ್ಯಾಂಕ್ ಇಡಿ. ಮೀಡಿಯಂ, ಅಂದರೆ ಕೋಶ ಬೆಳೆಸುವ ದ್ರವ, ಫೀನಾಲ್ ರೆಡ್ ಎಂಬ ಬಣ್ಣ ಇಲ್ಲದ್ದು ತೆಗೆದುಕೊಳ್ಳಿ. ನೈಟ್ರೇಟ್ ಕೂಡ ಸೇರಿಸಿ ಅಳೆಯುವುದಾದರೆ ಆರ್‌ಪಿಎಂಐ ಮೀಡಿಯಂ ಬೇಡ, ಅದರಲ್ಲೇ ನೈಟ್ರೇಟ್ ಇದೆ.

ಎಲ್ಲಕ್ಕಿಂತ ಮುಖ್ಯ ಎಂಟಿಟಿ ಟೆಸ್ಟ್, ಅಂದರೆ ಕೋಶಗಳು ಬದುಕಿವೆಯಾ ಎಂದು ನೋಡುವ ಪರೀಕ್ಷೆ. ಪ್ರತಿ ಡೋಸಿಗೂ ಜೊತೆಯಲ್ಲೇ ಮಾಡಿ. ಸಾರ ವಿಷವಾಗಿ ಕೋಶಗಳು ಸತ್ತರೂ ನೈಟ್ರೈಟ್ ಇಳಿಯುತ್ತದೆ. ಸತ್ತ ಕೋಶ ನೈಟ್ರಿಕ್ ಆಕ್ಸೈಡ್ ತಯಾರಿಸುವುದಿಲ್ಲವಲ್ಲ. ಆ ಇಳಿತವನ್ನು ‘ಉರಿಯೂತ ಶಮನ’ ಎಂದು ಬರೆದ ಪೇಪರುಗಳು ಬೇಕಾದಷ್ಟಿವೆ. ನಂತರ ಅದೇ ಪೇಪರ್ ಹಿಡಿದು ಯಾರೋ ಕಷಾಯ ಮಾರುತ್ತಾರೆ. ಎಂಟಿಟಿಯಲ್ಲಿ ಕೋಶಗಳು ಚೆನ್ನಾಗಿ ಬದುಕಿರುವ ಡೋಸ್ ಮಾತ್ರ ಇಟ್ಟುಕೊಳ್ಳಿ, ಉಳಿದದ್ದನ್ನು ಕೈಬಿಡಿ. ಆಮೇಲೂ ಇಳಿತ ಉಳಿದರೆ ಐನಾಸ್ ಪ್ರೋಟೀನ್ ಕಡಿಮೆ ಆಗಿದೆಯಾ ಎಂದು ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಗುರುತಿಸುವ ಪರೀಕ್ಷೆ) ಮಾಡಿ ನೋಡಿ. ಮಾಡುವುದು ಇಲಿಯ ಕೋಶದಲ್ಲಿ ಎಂಬುದನ್ನು ರಿಪೋರ್ಟಿನ ಮೊದಲ ಪುಟದಲ್ಲೇ ಬರೆಯಿರಿ, ಯಾಕೆಂದರೆ ಮನುಷ್ಯರ ಮ್ಯಾಕ್ರೊಫೇಜ್ ಪ್ಲೇಟಿನಲ್ಲಿ ಇಷ್ಟು ಸುಲಭವಾಗಿ ಐನಾಸ್ ತಯಾರಿಸುವುದಿಲ್ಲ. ಮೊದಲ ಪ್ಲೇಟಿನ ಓದು ಬಂದ ಮೇಲೆ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.